ಕಥೋಲಿಕೋ ಸೇತುವೆಯ ಮೇಲೆ ಅಕ್ಕ

ಅಕ್ಟೋಬರ್ 10, 2024, ಗುರುವಾರ
ಖಾನಿಯಾ, ಕ್ರೀಟ್ ದ್ವೀಪ, ಗ್ರೀಸ್

ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಅಕ್ಕ ಮಲಗಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ. ಸೇತುವೆಯ ಮೇಲೆ ಕೂತು ಅವಳು ಆಡಿದ ಮಾತು ಬಿಡದೆ ಕಾಡುತ್ತಿದೆ.

ಅಕ್ರೋಟಿರಿ ಪರ್ಯಾಯ ದ್ವೀಪದಲ್ಲಿ ಗುವೆರ್ನೆಟೊ ಎಂಬ ಮಠವಿದೆ. ಮಠವೆನ್ನುವುದಕ್ಕಿಂತ ಕೋಟೆ ಎನ್ನಬಹುದು. ಅಲ್ಲಿಂದ ಕಡಲಿನವರೆಗೆ ಇಳಿಜಾರು. ಹೆಸರಿಗೂ ನೆರಳಿಲ್ಲ. ಸ್ವಲ್ಪ ಇಳಿದರೆ ಕರಡಿ ಗುಹೆ. ಒಳಗೆ ನೀರಿನ ತೊಟ್ಟಿಯ ಮೇಲೆ ಬಾಗಿ ನಿಂತ ಕರಡಿಯಂತೆಯೇ ಕಾಣುವ ಸುಣ್ಣಕಲ್ಲಿನ ಗಡ್ಡೆ. ಸನ್ಯಾಸಿಗಳ ನೀರನ್ನೆಲ್ಲ ಕುಡಿದು ಬರಿದು ಮಾಡುತ್ತಿದ್ದ ಕರಡಿಯನ್ನು ಮೇರಿಮಾತೆ ಕಲ್ಲಾಗಿಸಿದಳಂತೆ. ಅದಕ್ಕೂ ಬಹಳ ಹಿಂದೆ ಇಲ್ಲಿ ಗ್ರೀಕರ ಬೇಟೆಯ ದೇವಿ ಆರ್ಟೆಮಿಸ್‌ಳ ಪೂಜೆ ನಡೆಯುತ್ತಿತ್ತು. ದೇವಿಯರು ಬದಲಾದರು, ಕರಡಿ ಮಾತ್ರ ಕದಲಲಿಲ್ಲ.

"ಬಾಯಾರಿದ ಪ್ರಾಣಿ, ಪಾಪ. ಕುಡಿದುಕೊಂಡು ಹೋಗಲಿ ಎಂದು ಬಿಡಬಾರದಿತ್ತೇ?" ಎಂದಳು ಅಕ್ಕ. ನವರಾತ್ರಿಯಲ್ಲಿ ದೇವಿಯರ ಮೇಲೆ ತಕರಾರು ತೆಗೆಯಬೇಡ ಎಂದೆ.

ಅಲ್ಲಿಂದ ಮುಂದೆ ಮೆಟ್ಟಿಲುಗಳು. ಒಂದು ತಿರುವಿನಲ್ಲಿ ಕೆಳಗೆ ಕಥೋಲಿಕೋ ಎಂಬ ಹಳೆಯ ಮಠ ಕಾಣಿಸಿತು. ಬಂಡೆಯನ್ನು ಕೊರೆದು ಮಾಡಿದ ಚರ್ಚು, ಮುಂಭಾಗ ಮಾತ್ರ ಕಟ್ಟಿದ್ದು. ಪಾಳುಬಿದ್ದ ಕೋಣೆಗಳು. ಕಣಿವೆಯ ಎರಡು ದಡಗಳಿಗೆ ಅಡ್ಡಲಾಗಿ ಅಂಗಳದಷ್ಟು ಅಗಲದ ಕಲ್ಲಿನ ಸೇತುವೆ. ಅದರ ಹೊಟ್ಟೆಯೊಳಗೂ ಕೋಣೆಗಳಿವೆ.

ಪಕ್ಕದ ಆಳವಾದ ಗುಹೆಯಲ್ಲಿದ್ದವನು ಏಕಾಂತವಾಸಿ ಸಂತ ಯೋಹಾನ. ಪ್ರಾಣಿಯ ತೊಗಲು ಹೊದ್ದು, ನಾಲ್ಕು ಕಾಲಲ್ಲಿ ತೆವಳುತ್ತಾ ಗೆಡ್ಡೆ ಸೊಪ್ಪು ಹುಡುಕುತ್ತಿದ್ದಾಗ ಬೇಟೆಗಾರನೊಬ್ಬ ಮಿಗವೆಂದು ಬಾಣ ಬಿಟ್ಟ, ಸಂತ ಗುಹೆಗೆ ಮರಳಿ ಪ್ರಾಣಬಿಟ್ಟ ಎಂಬುದು ಐತಿಹ್ಯ. ಅವನ ಹಬ್ಬ ಅಕ್ಟೋಬರ್ 7ರಂದು, ಅಂದರೆ ಈ ಸೋಮವಾರವೇ ಮುಗಿದಿದೆ.

ಅವನ ಜೊತೆ 98 ಮಂದಿ ಸಂಗಾತಿಗಳಿದ್ದರಂತೆ ಎಂದು ನಾನು ಹೇಳಿದ್ದೇ ತಡ, ಅಕ್ಕ ನೀರಿನ ಬಾಟಲಿ ಕೆಳಗಿಟ್ಟಳು.

"ಏಕಾಂತ ಬೇಕೆಂದು ಬಂದವನಿಗೆ 98 ಜನವೇ?"

"ಬೇರೆ ಬೇರೆ ಗುಹೆಗಳಲ್ಲಿ ಇದ್ದಿರಬೇಕು."

"ಆಮೇಲೆ ಬಂದವರಿಗೆ ಈ ಸೇತುವೆ ಬೇರೆ. ಇಷ್ಟು ಕಲ್ಲನ್ನು ಕಡಿದು, ಹೊತ್ತು ತಂದವರು ಯಾರು? ಅವರಿಗೆ ಗಂಜಿ ಬೇಯಿಸಿದವರು ಯಾರು? ಒಬ್ಬರು ಒಂಟಿಯಾಗಿರಬೇಕಾದರೆ ಎಷ್ಟು ಜನ ದುಡಿಯಬೇಕು ನೋಡು."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಪ್ಪನೂ ಅಷ್ಟೇ" ಎಂದಳು.

ನಾನು ಉತ್ತರ ಕೊಡಲಿಲ್ಲ. ಅಮ್ಮ ಹೋದ ಮೇಲೆ ತೋಟದ ಮನೆ ಬಿಟ್ಟು ಬರುವುದಿಲ್ಲ, ನನಗೆ ಯಾರ ಹಂಗೂ ಬೇಡ ಎಂದು ಅಪ್ಪ ಪಟ್ಟು ಹಿಡಿದಾಗ ನಾನೇ ಅವರ ಪರ ನಿಂತವಳು. ಮ್ಯೂನಿಕ್‌ನಲ್ಲಿ ಕೂತು ಪರ ವಹಿಸುವುದು ಸುಲಭ. ಪಕ್ಕದ ಮನೆಯ ಅತ್ತೆ ದಿನಾ ಸಾರು ಕಳಿಸುತ್ತಾರೆ. ಕೆಲಸದ ಹುಡುಗ ರಾತ್ರಿ ಜಗಲಿಯಲ್ಲಿ ಮಲಗುತ್ತಾನೆ. ಅದನ್ನೆಲ್ಲ ಅಕ್ಕ ದೂರುವ ದನಿಯಲ್ಲಿ ಹೇಳಲಿಲ್ಲ, ಅಂಗಡಿಯ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಸೇತುವೆಯ ಕೆಳಗಿಂದ ಒಣಗಿದ ಹಳ್ಳದ ಉರುಟು ಕಲ್ಲುಗಳ ಮೇಲೆ ಕಡಲಿಗೆ ಇಳಿದೆವು. ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ಕೊಲ್ಲಿ, ಗಾಜಿನಂಥ ಹಸಿರು ನೀರು, ದೋಣಿ ಎಳೆದಿಡಲು ಬಂಡೆಯಲ್ಲೇ ಕಡಿದ ಹಳೆಯ ಜಾರುಕಟ್ಟೆ. ಒಂದು ಆಡು ಬಂದು ಅಕ್ಕನ ಬಾಳೆಹಣ್ಣಿನ ಸಿಪ್ಪೆಯನ್ನೂ ನನ್ನ ಟೋಪಿಯ ದಾರವನ್ನೂ ತಿಂದಿತು. ಅಕ್ಕ ನಕ್ಕಳು, ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು. ಆ ನಗುವಿಗಾಗಿ ಇನ್ನೊಂದು ಟೋಪಿ ಕೊಟ್ಟೇನು.

ಸನ್ಯಾಸಿಗಳಿಗೆ ಕಷ್ಟ ಬಂದದ್ದೂ ಈ ಕಡಲಿನಿಂದಲೇ. ಕಡಲ್ಗಳ್ಳರ ಕಾಟ ತಾಳಲಾರದೆ ಅವರು ಮೇಲಕ್ಕೆ, ಆ ಕೋಟೆಯಂಥ ಮಠಕ್ಕೆ ಹೋದರು. ಬಿಡುವುದಿಲ್ಲ ಎಂದು ಹಟ ಹಿಡಿದ ಮುದುಕರೂ ಇದ್ದಿರಬೇಕು. ಅವರನ್ನು ಹೇಗೆ ಒಪ್ಪಿಸಿದರೋ. ಹೊತ್ತುಕೊಂಡೇ ಹೋದರೋ.

ಹತ್ತುವಾಗ ಅಕ್ಕನ ಮೊಣಕಾಲು ಕೈಕೊಟ್ಟಿತು. ಅದರ ಕಥೆ ಬೇಡ.

ದೀಪಾವಳಿಗೆ ಅವಳು ಊರಿಗೆ ಹೋಗುತ್ತಾಳೆ. ಕೆಲಸದ ಹುಡುಗನ ಸಂಬಳದ ಮಾತನ್ನು ಈ ಸಲ ನಾನೇ ಎತ್ತಬೇಕು. ರಾತ್ರಿ ಮಲಗುವುದಕ್ಕೆ ಬೇರೆಯಾಗಿ ಕೊಡಬೇಕು. ಆದರೆ ಅವನು ಯಾಕಾಗಿ ಜಗಲಿಯಲ್ಲಿ ಮಲಗುತ್ತಾನೆಂಬುದೇ ಅಪ್ಪನಿಗೆ ಗೊತ್ತಿಲ್ಲ, ಬಸ್ ತಪ್ಪಿತೆಂದು ಅವನು ಹೇಳುವುದನ್ನು ನಂಬಿದ್ದಾರೆ, ಅಥವಾ ನಂಬಿದಂತೆ ನಟಿಸುತ್ತಿದ್ದಾರೆ.