ಹಳ್ಳ ದಾಟಿದ ಆಟೊಮ್ಯಾಟಿಕ್

ಸಕಲೇಶಪುರದಾಚೆಯ ತೋಟದಿಂದ ಗಾಡಿ ಹಾಸನದ ಬಿ.ಎಂ. ರಸ್ತೆಯ ನಮ್ಮ ಗ್ಯಾರೇಜಿಗೆ ಫ್ಲಾಟ್‌ಬೆಡ್ ಲಾರಿಯ ಮೇಲೆ ಬಂತು. ಅಷ್ಟರಮಟ್ಟಿಗೆ ಪುಣ್ಯ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪಂಪ್ ತಿರುಗೋದು ಎಂಜಿನ್‌ನಿಂದ. ಎಂಜಿನ್ ಆಫ್ ಮಾಡಿ ಹಗ್ಗ ಕಟ್ಟಿ ಎಳೆದರೆ ಒಳಗೆ ಆಯಿಲ್ ಓಡೋದಿಲ್ಲ, ಗೇರುಗಳು ಒಣಗಿದ್ದಲ್ಲೇ ಸವೆಯುತ್ತವೆ.

ಏಳು ಸೀಟಿನ ಡೀಸೆಲ್ ಗಾಡಿ, 6 ಸ್ಪೀಡಿನ ಟಾರ್ಕ್ ಕನ್ವರ್ಟರ್ ಬಾಕ್ಸ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋದು ಟಾರ್ಕ್ ಕನ್ವರ್ಟರ್), ಓಡಿದ್ದು 1.40 ಲಕ್ಷ ಕಿ.ಮೀ. 'ಡಿ'ಗೆ ಹಾಕಿದರೆ ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ಡನೆ ಹಿಡಿಯುತ್ತಿತ್ತು. 3ರಿಂದ 4ಕ್ಕೆ ಹೋಗುವಾಗ ಆರ್‌ಪಿಎಂ ಏರೋದೇ ಹೊರತು ಗಾಡಿ ಎಳೆಯೋದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0700, ಪಿ0730 ಅನ್ನೋ ಎರಡು ದೋಷದ ಕೋಡು. ಮೊದಲನೆಯದು ಗೇರ್‌ಬಾಕ್ಸಿನಲ್ಲಿ ಏನೋ ತೊಂದರೆ ಅನ್ನುತ್ತದೆ, ಅಷ್ಟೇ. ಎರಡನೆಯದರ ಅರ್ಥ ಗೇರ್ ಅನುಪಾತ ತಾಳೆಯಾಗುತ್ತಿಲ್ಲ, ಎಲ್ಲೋ ಜಾರುತ್ತಿದೆ ಅಂತ. ಬಾಕ್ಸ್ ಬದಲಿಸಬೇಕೋ ಬಿಚ್ಚಿ ಕಟ್ಟಬೇಕೋ ಅನ್ನೋದನ್ನು ಯಾವ ಕೋಡೂ ಹೇಳೋದಿಲ್ಲ.

"ಬೇರೆ ಬಾಕ್ಸೇ ಹಾಕ್ಬಿಡೋಣ್ವೇನಪ್ಪಾ?" ಅಂದರು ಗಾಡಿಯ ಮಾಲೀಕರಾದ ಗೌಡರು. ಜೊತೆಗೆ ಬಂದಿದ್ದ ಅವರ ಭಾವ ಆಗಲೇ ಬೆಂಗಳೂರಿನ ಗುಜರಿಗೆ ಫೋನ್ ಹಚ್ಚಿದ್ದರು.

"ತಡೀರಿ ಗೌಡ್ರೇ, ಬಾಕ್ಸಿನ ತಳದ ಆಯಿಲ್ ಪ್ಯಾನ್ ಇಳಿಸ್ದೆ ಏನೂ ಹೇಳಕ್ಕಾಗಲ್ಲ."

ಡ್ರೇನ್ ಬೋಲ್ಟ್ ಬಿಚ್ಚಿದಾಗ ಬಂದದ್ದು ಕೆಂಪು ಆಯಿಲ್ ಅಲ್ಲ, ರೋಸ್‌ಮಿಲ್ಕ್. ಒಂದು ತಗಡನ್ನು ಗ್ಯಾಸಿನಲ್ಲಿ ಕಾಯಿಸಿ ಅದರ ಮೇಲೆ ಒಂದು ತೊಟ್ಟು ಬಿಟ್ಟರೆ ಒಗ್ಗರಣೆಗೆ ನೀರು ಬಿದ್ದ ಹಾಗೆ ಚಟಚಟ ಸಿಡಿಯಿತು. ಬರೀ ಆಯಿಲ್ ಆಗಿದ್ದರೆ ಹೊಗೆಯಾಡಿ ಸುಮ್ಮನಾಗಬೇಕಿತ್ತು. ಒಳಗೆ ನೀರು ಸೇರಿದೆ ಅನ್ನೋದು ಖಚಿತವಾಯಿತು. ಎಲ್ಲಿಂದ?

ಇಂಥದ್ದರಲ್ಲಿ ಮೊದಲ ಅನುಮಾನ ರೇಡಿಯೇಟರ್ ಮೇಲೆ. ಅದರ ತೊಟ್ಟಿಯೊಳಗೇ ಗೇರ್ ಆಯಿಲ್ ಕೂಲರ್ ಇರುವ ಗಾಡಿಗಳಲ್ಲಿ ಕೂಲರ್ ಒಡೆದರೆ ಎರಡೂ ಬೆರೆಯುತ್ತವೆ. ಆದರೆ ರೇಡಿಯೇಟರ್ ಕ್ಯಾಪಿನ ಒಳಮೈಯಲ್ಲಿ ಜಿಡ್ಡಿರಲಿಲ್ಲ, ಕೂಲಂಟ್ ಮಟ್ಟವೂ ಇಳಿದಿರಲಿಲ್ಲ. ಟಾರ್ಚ್ ಹಿಡಿದು ಬಾಕ್ಸಿನ ಮೇಲ್ಭಾಗ ನೋಡಿದರೆ ಬ್ರೀದರ್ ಹೋಸ್ (ಬಾಕ್ಸಿನ ಒಳಗೂ ಹೊರಗೂ ಗಾಳಿ ಆಡಲು ಇರುವ ಪೈಪು) ಕಳಚಿಕೊಂಡು ಜೋತಾಡುತ್ತಿತ್ತು, ಅದು ಕೂರುವ ಮೂತಿಯ ಸುತ್ತ ಕೆಮ್ಮಣ್ಣು. ಆಗ ಗೌಡರಿಗೆ ನೆನಪಾಯಿತು, 11 ದಿನದ ಹಿಂದೆ ತುಂಬಿದ ಹಳ್ಳ ದಾಟಿದ್ದು. ಘಾಟಿ ಹತ್ತಿ ಕಾದಿದ್ದ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಬಾಯಿ ನೀರಲ್ಲಿ ಮುಳುಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಅವತ್ತೇ ಗಾಡಿ ನಿಲ್ಲಿಸಿ ಆಯಿಲ್ ಬದಲಿಸಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಬಾಕ್ಸಿನೊಳಗೆ ಗೇರ್ ಹಿಡಿಸುವ ಕ್ಲಚ್ ಪ್ಲೇಟಿನ ಲೈನಿಂಗ್ ಅಂದರೆ ಕಾಗದದಂಥ ವಸ್ತು, ಅಂಟು ಹಾಕಿ ಕೂರಿಸಿದ್ದು. ನೀರು ತಿನ್ನೋದು ಆ ಅಂಟನ್ನು.

ನಿಜವಾದ ಉತ್ತರ, ಲೋಹದ ಪುಡಿ ಹಿಡಿಯಲು ಪ್ಯಾನಿನಲ್ಲಿಟ್ಟ ಅಯಸ್ಕಾಂತದ ಮೇಲಿರುತ್ತದೆ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ. ಕೈಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಗೇರ್, ಬೇರಿಂಗ್ ಹೋಗಿವೆ ಅಂತಲೇ. ಅವನ್ನೆಲ್ಲ ಬಿಡಿಬಿಡಿಯಾಗಿ ಹೊಂದಿಸಿಕೊಂಡು ಕಟ್ಟುವ ಬದಲು ಬೇರೆ ಬಾಕ್ಸ್ ಹಾಕೋದೇ ವಾಸಿ. ಇಲ್ಲಿದ್ದದ್ದು ಕಪ್ಪು ಕೆಸರು, ಚೂರಿಲ್ಲ. ಬಾಕ್ಸ್ ಇಳಿಸಿ ಬಿಚ್ಚಿದರೆ ಕ್ಲಚ್ಚಿನ ಫ್ರಿಕ್ಷನ್ ಪ್ಲೇಟುಗಳ ಲೈನಿಂಗ್ ನೆನೆದ ಹಪ್ಪಳದ ಹಾಗೆ ಉಗುರಿಗೇ ಎದ್ದು ಬರುತ್ತಿತ್ತು. ಸ್ಟೀಲ್ ಪ್ಲೇಟುಗಳಲ್ಲಿ ಕಾದ ನೀಲಿ ಕಲೆ. ಪ್ಲಾನೆಟರಿ ಗೇರುಗಳ ಹಲ್ಲು ಚೆನ್ನಾಗಿದ್ದವು, ಡ್ರಮ್ಮಿನಲ್ಲಿ ಗೀರಿಲ್ಲ, ಪಂಪಿನ ಮುಖವೂ ನಯವಾಗಿತ್ತು. ಆಯಿಲಿನ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವುಗಳಲ್ಲಿ, ಅಂದರೆ ಸಾಲೆನಾಯ್ಡ್‌ಗಳಲ್ಲಿ, ಎರಡಕ್ಕೆ ಮಾತ್ರ ತುಕ್ಕು ಹಿಡಿದಿತ್ತು.

ಹೊಸ ಬಾಕ್ಸಿಗೆ ಸಿಕ್ಕ ರೇಟು 5 ಲಕ್ಷದ ಮೇಲೆ. ಗುಜರಿಯದು 95 ಸಾವಿರ, ಚೆಕಿಂಗ್ ವಾರಂಟಿ 15 ದಿನ. ಬಿಚ್ಚಿ ಕಟ್ಟಲು ನಮ್ಮ ಅಂದಾಜು 1.65 ಲಕ್ಷ. ಭಾವನವರ ಬೆರಳು 95ರ ಮೇಲೇ ಇತ್ತು. ಆದರೆ ಗುಜರಿ ಬಾಕ್ಸ್ ಯಾವ ಗಾಡಿಯದು, ಎಷ್ಟು ಓಡಿದ್ದು, ಯಾಕೆ ಇಳಿಯಿತು ಅಂತ ಹೇಳುವವರಿಲ್ಲ. ಅದು ಕೈಕೊಟ್ಟರೆ ಬಾಕ್ಸ್ ಬದಲಿಸಿಕೊಟ್ಟಾರು, ಎರಡನೇ ಸಲ ಇಳಿಸಿ ಏರಿಸುವ ಕೂಲಿ ನಮ್ಮ ತಲೆಗೇ. ಇನ್ನು ಬಾಕ್ಸಿನ ಮೇಲಿನ ಕೋಡ್ ನಂಬರ್ ಒಂದಕ್ಷರ ಬೇರೆಯಾದರೂ ಗಾಡಿಯ ಕಂಪ್ಯೂಟರಿನ ಜೊತೆ ಹೊಂದದಿರಬಹುದು. ಕೈಯಲ್ಲಿರುವ ಬಾಕ್ಸಿನ ಗಟ್ಟಿ ಭಾಗಗಳನ್ನು ಕಣ್ಣಾರೆ ನೋಡಿಯಾಗಿತ್ತು. ಗೌಡರು ಸ್ವಲ್ಪ ಹೊತ್ತು ಪ್ಲೇಟನ್ನು ತಿರುಗಿಸಿ ನೋಡಿ, "ಕಟ್ಟಿ" ಅಂದರು.

ಟಾರ್ಕ್ ಕನ್ವರ್ಟರನ್ನು ಬೆಂಗಳೂರಿಗೆ ಕಳಿಸಿದೆವು. ಅದನ್ನು ಕೊಯ್ದು, ಒಳಗಿನ ಲಾಕಪ್ ಕ್ಲಚ್ಚಿನ ಲೈನಿಂಗ್ ಬದಲಿಸಿ, ವೆಲ್ಡ್ ಮಾಡಿ ಬ್ಯಾಲೆನ್ಸ್ ಮಾಡಬೇಕು. ಹಳೆಯದನ್ನೇ ಹಾಕಿದರೆ ಅದರೊಳಗಿನ ಕೆಸರು ಹೊಸ ಪ್ಲೇಟುಗಳಿಗೆ ಇಳಿಯುತ್ತದೆ. ಕೂಲರ್ ಪೈಪನ್ನು ಎರಡೂ ದಿಕ್ಕಿನಿಂದ ಫ್ಲಶ್ ಮಾಡಬೇಕಾದ್ದೂ ಇದಕ್ಕೇ. ಹೊಸ ಫ್ರಿಕ್ಷನ್ ಪ್ಲೇಟುಗಳು ಒಂದು ಗಂಟೆ ಆಯಿಲಿನಲ್ಲಿ ನೆನೆದವು, ಪ್ರತಿ ಕ್ಲಚ್ ಪ್ಯಾಕಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು, ಗಾಳಿ ಬಿಟ್ಟು ಪ್ಲೇಟುಗಳನ್ನು ಒತ್ತುವ ಪಿಸ್ಟನ್ ಎದ್ದು ಕೂರೋದನ್ನು ಕೇಳಿಸಿಕೊಂಡೆವು. ಕನ್ವರ್ಟರ್ ಕೂರಿಸುವಾಗ ಅವಸರ ಕೂಡದು. ತಿರುಗಿಸುತ್ತಾ ಒತ್ತಿದರೆ ಹಂತಹಂತವಾಗಿ ಟಕ್ ಅಂತ ಒಳಗಿಳಿಯಬೇಕು. ಪೂರ್ತಿ ಇಳಿಯುವ ಮೊದಲೇ ಬೋಲ್ಟ್ ಬಿಗಿದರೆ ಪಂಪ್ ಒಡೆದುಹೋಗುತ್ತದೆ, ಅಲ್ಲಿಯವರೆಗಿನ ಕೆಲಸವೆಲ್ಲ ಗೋವಿಂದ. ಬ್ರೀದರಿಗೆ ಹೊಸ ಹೋಸ್ ಹಾಕಿ ಎಂಜಿನ್‌ಗೂ ಸೀಟಿನ ಕಡೆಗೂ ನಡುವಿನ ತಗಡಿನ ಗೋಡೆ, ಫೈರ್‌ವಾಲ್‌ನ ಎತ್ತರಕ್ಕೆ ಒಯ್ದು ಎರಡು ಕ್ಲಿಪ್ ಬಿಗಿದೆವು.

1,000 ಕಿ.ಮೀ. ಆದ ಮೇಲೆ ಪ್ಯಾನ್ ಇಳಿಸಿ ಅಯಸ್ಕಾಂತ ನೋಡಿ ಆಯಿಲ್ ಬದಲಿಸಬೇಕು. ದೀಪಾವಳಿ ಕಳೀಲಿ, ತರ್ತೀನಿ ಅಂದರು ಗೌಡರು. ಕಾಫಿ ಕೊಯ್ಲು ಶುರುವಾದ್ಮೇಲೆ ನೀವು ಈ ಕಡೆ ತಲೆ ಹಾಕಲ್ಲ, ಅದಕ್ಕೆ ಮುಂಚೇನೇ ಬನ್ನಿ ಅಂತ ಕೀ ಕೊಟ್ಟೆವು.