ಕುಕ್ಕರಿನ ರಾಗಿ ಕೇಕ್

ಮನೆಯಲ್ಲಿ ಓವನ್ ಇದ್ದರೂ ರಾಗಿ ಕೇಕ್ ಮಾತ್ರ ನಾನು ಹಳೇ ಕುಕ್ಕರಿನಲ್ಲೇ ಮಾಡುವುದು. ತಳಕ್ಕೆ ಕಲ್ಲುಪ್ಪು ಹರಡಿ, ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದು 10 ನಿಮಿಷ ಕಾಯಿಸಿದರೆ ಸಾಕು. ರಾಗಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟನ್ ಅನ್ನುವ ಅಂಟು ಇಲ್ಲ, ಬರೀ ಅದನ್ನೇ ಹಾಕಿದರೆ ಕೇಕ್ ಪುಡಿಪುಡಿ. ಅದಕ್ಕೇ ಅರ್ಧ ಗೋಧಿ ಹಿಟ್ಟು. ಸಿಹಿಗೆ ಬೆಲ್ಲ. ಹುಳಿ ಮೊಸರಿಗೆ ಸೋಡಾ ಬಿದ್ದ ಕೂಡಲೇ ನೊರೆ ಏಳುತ್ತದೆ, ಆಮೇಲೆ ಯಾರ ಫೋನ್ ಬಂದರೂ ಎತ್ತುವ ಹಾಗಿಲ್ಲ!

ಅತ್ತೆಗೆ ಏಲಕ್ಕಿ ಜಾಸ್ತಿ ಇರಬೇಕು, ಮಗಳಿಗೆ ಚಾಕಲೇಟ್. ಇವರಿಗೆ ಕಾಫಿ ಜೊತೆ ಏನಿದ್ದರೂ ಸರಿ.

ದಿನಾ ಅನ್ನ ಸಾರು ಮಾಡುವಾಗ ಯಾರೂ ಅಡುಗೆಮನೆಗೆ ಇಣುಕುವುದಿಲ್ಲ. ಕೇಕ್ ಘಮ ಬಂದರೆ ಮಾತ್ರ ಎಲ್ಲರಿಗೂ ಅಲ್ಲೇ ಏನೋ ಕೆಲಸ. ಸುಮ್ನೆ ನಿಂತು ಮಾತಾಡುತ್ತಾರೆ. ನನಗೆ ಬೇಕಿರುವುದೂ ಅದೇ ಅಲ್ವಾ? ಮುಂದಿನ ಸಲ ಬಾಳೆಹಣ್ಣು ಹಾಕಬೇಕು ಅಂದುಕೊಂಡಿದ್ದೇನೆ, ಅತ್ತೆ ಒಪ್ಪಬೇಕಷ್ಟೆ.