ಹೆಣದ ಮೇಲೆ ಬಿದ್ದ ಸೇನಾಪತಿ

ಚೀನಾದ ಹಳೇ ಸೇನಾಪತಿಗಳಲ್ಲಿ ನನ್ನನ್ನು ಜಾಸ್ತಿ ಕಾಡುವವನು ವೂ ಚೀ. ಮೆಚ್ಚುಗೆ ಅಂತ ಹೇಳಲಾರೆ. ಆಗ ಚೀನಾದಲ್ಲಿದ್ದ ಹಲವು ರಾಜ್ಯಗಳಲ್ಲಿ ಒಂದಾದ ಲೂ ರಾಜ್ಯದಲ್ಲಿ ಸೇನಾಪತಿ ಆಗೋದಕ್ಕೆ, ಶತ್ರು ರಾಜ್ಯದವಳಾದ ಹೆಂಡತಿಯನ್ನೇ ಕೊಂದನಂತೆ. ಅವನ ವೈರಿಗಳು ಕಟ್ಟಿದ ಕಥೆಯೂ ಇರಬಹುದು ಬಿಡಿ.

ಆಮೇಲೆ ವೇ ರಾಜ್ಯಕ್ಕೆ ಬಂದು ಹಳದಿ ನದಿಯ ಪಶ್ಚಿಮದ ಗಡಿ ಕಾದ. ಸಾಮಾನ್ಯ ಸೈನಿಕರ ಊಟವನ್ನೇ ಉಂಡ, ಅವರ ಜತೆ ನಡೆದೇ ಹೋದ. ಒಬ್ಬ ಸೈನಿಕನ ಹುಣ್ಣಿನ ಕೀವನ್ನು ಬಾಯಿಂದಲೇ ಹೀರಿ ತೆಗೆದನಂತೆ. ಸುದ್ದಿ ಕೇಳಿ ಆ ಹುಡುಗನ ತಾಯಿ ಅತ್ತಳು. ಇವನ ಅಪ್ಪನಿಗೂ ಹೀಗೇ ಮಾಡಿದ್ದ, ಅವನು ಹಿಂದೆ ಸರಿಯದೆ ಹೋರಾಡಿ ಸತ್ತ, ಈಗ ಮಗನ ಸರದಿ ಅಂತ! ಆ ತಾಯಿಗೆ ವೂ ಚೀ ಅರ್ಥವಾದಷ್ಟು ಯಾವ ರಾಜನಿಗೂ ಆಗಲಿಲ್ಲ ಅನ್ಸುತ್ತೆ.

ಅಲ್ಲೂ ಚಾಡಿ ಮಾತು ಶುರುವಾಯಿತು. ದಕ್ಷಿಣದ ಛೂ ರಾಜ್ಯಕ್ಕೆ ಹೋದ. ರಾಜ ದಾವೋ ಅವನನ್ನು ಪ್ರಧಾನಿ ಮಾಡಿದ. ವೂ ಚೀ ಬೇಡದ ಹುದ್ದೆಗಳನ್ನು ತೆಗೆದ. ರಾಜನ ದೂರದ ನೆಂಟರ ಸವಲತ್ತು ನಿಲ್ಲಿಸಿ ಆ ಹಣ ಸೈನ್ಯಕ್ಕೆ ಹಾಕಿದ. ಅವರು ಸುಮ್ನೆ ಬಿಡ್ತಾರಾ? ಕ್ರಿ.ಪೂ. 381ರಲ್ಲಿ ರಾಜ ಸತ್ತ ಕೂಡಲೇ ಬಿಲ್ಲುಬಾಣ ಹಿಡಿದು ಬಂದರು. ವೂ ಚೀ ಓಡಿ ಹೋಗಿ ರಾಜನ ಹೆಣದ ಮೇಲೆ ಬಿದ್ದ. ಬಾಣಗಳು ಹೆಣಕ್ಕೂ ನಾಟಿದವು. ಆ ಅಪರಾಧಕ್ಕೆ ಹೊಸ ರಾಜ 70ಕ್ಕೂ ಹೆಚ್ಚು ಮನೆತನಗಳನ್ನು ಮುಗಿಸಿದ.